ಹೆಣ್ಣುಮಕ್ಕಳ ನೋವಿಗೆ ಮೌನವು ಮದ್ದಲ್ಲ

ಕಾಲೇಜಿಗೆ ಹೋಗುವ ಹತ್ತೊಂಬತ್ತರ ಹುಡುಗಿ. ಸ್ನಾನ ಮಾಡುವಾಗ ಎದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಬೆರಳಿಗೆ ತಾಗುತ್ತದೆ. ನೋವಿಲ್ಲ. ಆದರೆ ಅಂದಿನಿಂದ ನಿದ್ದೆಯೂ ಇಲ್ಲ. ಉಮ್ಮನಿಗೆ ಹೇಳಲು ನಾಚಿಕೆ. ಅಕ್ಕನಿಗೆ ಹೇಳಿದರೆ ಭಾವನಿಗೂ ತಿಳಿದೀತೆಂಬ ಅಂಜಿಕೆ. ತಿಂಗಳುಗಳು ಕಳೆದ ಬಳಿಕ ಹೇಗೋ ಉಮ್ಮನಿಗೆ ಗೊತ್ತಾಗುತ್ತದೆ. ಆಗ ಅವರ ಬಾಯಿಂದ ಬರುವ ಮೊದಲ ಮಾತು, 'ಯಾರಲ್ಲೂ ಹೇಳಬೇಡ, ನಾಳೆ ಸಂಬಂಧ ಬರಬೇಕಾದವಳು ನೀನು.' ಮಂತ್ರಿಸಿದ ಎಣ್ಣೆ ಬರುತ್ತದೆ, ಕೊರಳಿಗೆ ಏಲಸ್ಸು ಬೀಳುತ್ತದೆ. ವೈದ್ಯರ ಬಳಿಗೆ ಮಾತ್ರ ಯಾರೂ ಹೋಗುವುದಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ, ಶಿಕ್ಷಿತರೆನಿಸಿಕೊಂಡವರ ಮನೆಗಳಲ್ಲೂ, ನಡೆಯುವುದು ಇದುವೇ. ಮುಸ್ಲಿಮರಲ್ಲಿ ಮಾತ್ರ ಹೀಗೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮಲ್ಲಿ ಈ ಮೌನಕ್ಕೆ ಧರ್ಮದ ಹೆಸರನ್ನು ಅಂಟಿಸಲಾಗುತ್ತಿದೆ ಎಂಬುದೇ ನಮ್ಮ ಆಕ್ಷೇಪ. ಮೊದಲು ವಿಷಯವೇನೆಂದು ತಿಳಿದುಕೊಳ್ಳೋಣ. ಈ ಭಯದ ದೊಡ್ಡ ಪಾಲು ಅಜ್ಞಾನದಿಂದ ಹುಟ್ಟಿದ್ದು.

ಯುವತಿಯರಲ್ಲಿ ಸ್ತನದ ನೋವು ಬಹಳ ಸಾಮಾನ್ಯ. ಋತುಸ್ರಾವಕ್ಕೆ ಕೆಲವು ದಿನ ಮುಂಚೆ ಹಾರ್ಮೋನುಗಳ ಏರಿಳಿತದಿಂದಾಗಿ ಎರಡೂ ಸ್ತನಗಳು ಭಾರವಾಗಿ ನೋಯುವುದುಂಟು. ಕಂಕುಳಿನ ಕಡೆಯ ಭಾಗದಲ್ಲಿ ಈ ನೋವು ಹೆಚ್ಚು. ಮುಟ್ಟಿದರೆ ಗಂಟುಗಂಟಾಗಿ ತೋರುವುದೂ ಉಂಟು. ಸ್ರಾವ ಆರಂಭವಾದ ಬಳಿಕ ಇದು ಇಳಿಯುತ್ತದೆ. ಇದು ರೋಗವಲ್ಲ, ಶರೀರದ ಕ್ರಮ. ಇನ್ನು ಕೆಲವರಿಗೆ ಒಂದೇ ಕಡೆ, ತಿಂಗಳ ಲೆಕ್ಕಕ್ಕೆ ಸಿಗದ ನೋವು ಇರುತ್ತದೆ. ಅದಕ್ಕೆ ಎದೆಯ ಸ್ನಾಯುಗಳ ಸೆಳೆತ, ಪಕ್ಕೆಲುಬುಗಳು ಎದೆಮೂಳೆಗೆ ಸೇರುವಲ್ಲಿನ ಉರಿಯೂತ ಅಥವಾ ಅಳತೆಗೆ ಹೊಂದದ ಒಳಉಡುಪು ಕಾರಣವಾಗಿರಬಹುದು. ಬೇರಾವ ಲಕ್ಷಣವೂ ಇಲ್ಲದ ಬರಿಯ ನೋವು ಕ್ಯಾನ್ಸರಿನ ಸೂಚನೆಯಾಗಿರುವುದು ತೀರಾ ಅಪರೂಪ. ಎರಡು ಮೂರು ತಿಂಗಳು ನೋವಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಅದು ಯಾವ ಬಗೆಯ ನೋವೆಂದು ವೈದ್ಯರಿಗೆ ಬೇಗನೆ ತಿಳಿಯುತ್ತದೆ.

ಇನ್ನು ಗಂಟಿನ ವಿಷಯ. ಹದಿನೈದರಿಂದ ಮೂವತ್ತೈದರೊಳಗಿನ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವುದು ಫೈಬ್ರೊಅಡಿನೋಮ ಎಂಬ ಗಂಟು. ನುಣುಪಾಗಿ, ರಬ್ಬರಿನಂತಿದ್ದು, ಬೆರಳಿಟ್ಟರೆ ಅತ್ತಿತ್ತ ಜಾರುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಇದು ಕ್ಯಾನ್ಸರ್ ಅಲ್ಲ. ಎಷ್ಟೋ ಗಂಟುಗಳು ಇದ್ದಂತೆಯೇ ಇರುತ್ತವೆ, ಕೆಲವು ತಾವಾಗಿಯೇ ಕರಗುತ್ತವೆ. ತೀರಾ ದೊಡ್ಡದಾದರೆ ಅಥವಾ ಬೆಳೆಯುತ್ತಲೇ ಹೋದರೆ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಇದರಿಂದ ಗರ್ಭಧಾರಣೆಗೆ ಯಾವ ಅಡ್ಡಿಯೂ ಇಲ್ಲ. ಹಾಲೂಡಿಸಲು ಕೂಡಾ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಕೆಲವರಲ್ಲಿ ನೀರು ತುಂಬಿದ ಚೀಲದಂತಹ ಗಂಟುಗಳಿರುತ್ತವೆ. ಅಗತ್ಯವಿದ್ದರೆ ಸೂಜಿಯಿಂದ ನೀರು ತೆಗೆದರೆ ಮುಗಿಯಿತು.

ಹಾಗಾದರೆ ವೈದ್ಯರ ಬಳಿಗೆ ಏಕೆ ಹೋಗಬೇಕು ಎಂದು ಕೇಳಬಹುದು. ಗಂಟು ಯಾವುದೆಂದು ನಿರ್ಧರಿಸುವ ಸಾಮರ್ಥ್ಯ ನಮ್ಮ ಬೆರಳಿಗಿಲ್ಲ ಎಂಬುದೇ ಉತ್ತರ. ಸಣ್ಣ ವಯಸ್ಸಿನಲ್ಲಿ ಕ್ಯಾನ್ಸರ್ ವಿರಳವೇ ಹೊರತು ಇಲ್ಲವೇ ಇಲ್ಲವೆಂದಲ್ಲ. ವೈದ್ಯರು ಮೊದಲು ಕೈಯಿಂದ ಪರೀಕ್ಷಿಸುತ್ತಾರೆ. ಬಳಿಕ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಯುವತಿಯರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಅವರಿಗೆ ಮ್ಯಾಮೊಗ್ರಾಮ್‌ಗಿಂತ ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ. ಸಂದೇಹವಿದ್ದರೆ ಸೂಜಿಯಿಂದ ಚೂರು ಅಂಶ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಒಂದು ದಿನವೂ ತಡಮಾಡಬಾರದು. ಗಂಟು ಕಲ್ಲಿನಂತೆ ಗಟ್ಟಿಯಾಗಿ ಅಲುಗದಿರುವುದು, ಮೇಲಿನ ಚರ್ಮ ಒಳಕ್ಕೆ ಸೆಳೆದಂತಾಗುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ರಕ್ತ ಮಿಶ್ರಿತ ಸ್ರಾವ, ಕಂಕುಳಲ್ಲಿ ಗಂಟು. ಅಕ್ಕ, ತಾಯಿ ಅಥವಾ ಚಿಕ್ಕಮ್ಮನಿಗೆ ಸಣ್ಣ ವಯಸ್ಸಿನಲ್ಲೇ ಈ ಕ್ಯಾನ್ಸರ್ ಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಬಾಣಂತಿಯರಲ್ಲಿ ಸ್ತನ ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಅದು ಹೆಚ್ಚಾಗಿ ಸೋಂಕು. 'ದೃಷ್ಟಿ ತಾಗಿದೆ' ಎಂದು ದಿನ ದೂಡಿದರೆ ಕೀವಾಗುತ್ತದೆ. ಮಗುವಿಗೆ ಹಾಲೂಡಿಸುವುದನ್ನು ನಿಲ್ಲಿಸದೆ ಕೂಡಲೇ ಚಿಕಿತ್ಸೆ ಪಡೆಯಬೇಕು.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಹತ್ತೊಂಬತ್ತರ ಹುಡುಗಿಗೆ ಈ ಮೌನದಿಂದಾಗುವ ನಷ್ಟ ಹೆಚ್ಚಿನ ವೇಳೆ ನಿದ್ದೆ ಮತ್ತು ನೆಮ್ಮದಿಯದ್ದು ಮಾತ್ರ. ಆದರೆ ಅವಳು ಈ ಮೌನವನ್ನು ಕಲಿತದ್ದು ಉಮ್ಮನಿಂದ. ಆ ಉಮ್ಮನಿಗೆ ಈಗ ನಲ್ವತ್ತೈದು. ತನ್ನ ಎದೆಯಲ್ಲೊಂದು ಗಂಟಿದ್ದರೆ ಅವರು ಯಾರಿಗೆ ಹೇಳಿಯಾರು? ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸ್ತನ ಕ್ಯಾನ್ಸರಿನ ಹೊಸ ಪ್ರಕರಣಗಳು ಸುಮಾರು 1.92 ಲಕ್ಷ. ಅದೇ ವರ್ಷ ಅದರಿಂದ ಮೃತಪಟ್ಟವರು ಸುಮಾರು 98 ಸಾವಿರ. ಆರಂಭದಲ್ಲೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚಿರುವ ಕಾಯಿಲೆಯಿಂದ ಇಷ್ಟೊಂದು ಮಂದಿ ಸಾಯಲು ಒಂದು ಮುಖ್ಯ ಕಾರಣ, ಆಸ್ಪತ್ರೆಗೆ ತಡವಾಗಿ ಬರುವುದು. ಹತ್ತೊಂಬತ್ತರಲ್ಲಿ ಬಾಯಿ ಮುಚ್ಚಲು ಕಲಿತವಳು ನಲ್ವತ್ತೈದರಲ್ಲಿ ಬಾಯಿ ತೆರೆಯುವುದಿಲ್ಲ. ಮಗಳಿಗೆ ನಾವು ಕಲಿಸುತ್ತಿರುವುದು ನಾಚಿಕೆಯನ್ನಲ್ಲ, ತಡವಾಗಿ ಆಸ್ಪತ್ರೆ ಸೇರುವುದನ್ನು.

ಲಜ್ಜೆಯು ಈಮಾನಿನ ಭಾಗವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರೋಗವನ್ನು ಬಚ್ಚಿಡುವುದಕ್ಕೆ ಲಜ್ಜೆಯೆಂದು ಹೆಸರಿಟ್ಟವರು ಯಾರು? ಋತುಸ್ರಾವದ ಬಗ್ಗೆ, ಶುದ್ಧೀಕರಣದ ಬಗ್ಗೆ ಮಹಿಳೆಯರು ಪ್ರವಾದಿ(ಸ)ಯವರ ಬಳಿ ಬಂದು ನೇರವಾಗಿ ಕೇಳುತ್ತಿದ್ದರು. ಕಲಿಯುವುದಕ್ಕೆ ಲಜ್ಜೆಯು ಅಡ್ಡಿಯಾಗದಂತೆ ನೋಡಿಕೊಂಡ ಅನ್ಸಾರಿ ಮಹಿಳೆಯರನ್ನು ಹ. ಆಇಶಾ(ರ) ಮೆಚ್ಚಿಕೊಂಡಿದ್ದಾರೆ. ಪ್ರವಾದಿ(ಸ)ಯವರು ಚಿಕಿತ್ಸೆ ಪಡೆಯುವಂತೆ ಆದೇಶಿಸಿದ್ದಾರೆ. ರುಫೈದಾ(ರ) ಎಂಬ ಮಹಿಳೆ ಮದೀನಾದ ಮಸೀದಿಯಲ್ಲೇ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ್ದರು. ಮಹಿಳಾ ವೈದ್ಯರಿದ್ದರೆ ಅವರ ಬಳಿಗೆ ಹೋಗುವುದು ಒಳ್ಳೆಯದೇ. ಇಲ್ಲವಾದಾಗ ಚಿಕಿತ್ಸೆಯ ಅನಿವಾರ್ಯತೆಗಾಗಿ ಪುರುಷ ವೈದ್ಯರು, ಅಗತ್ಯವಿರುವಷ್ಟು ಮಾತ್ರ, ಪರೀಕ್ಷಿಸುವುದನ್ನು ಕರ್ಮಶಾಸ್ತ್ರ ವಿದ್ವಾಂಸರು ತಡೆದಿಲ್ಲ. ಜೊತೆಯಲ್ಲಿ ಉಮ್ಮನೋ ಅಕ್ಕನೋ ಇದ್ದರೆ ಸಾಕು.

ಇನ್ನೊಂದು ಮಾತನ್ನು ಗಂಡುಮಕ್ಕಳ ಹೆತ್ತವರಿಗೆ ಹೇಳಬೇಕಾಗಿದೆ. 'ಆ ಹುಡುಗಿಗೆ ಎದೆಯಲ್ಲಿ ಏನೋ ಆಗಿತ್ತಂತೆ' ಎಂಬ ಒಂದು ಪಿಸುಮಾತಿಗೆ ಸಂಬಂಧ ಮುರಿಯುವವರು ನೀವೇ. ಹುಡುಗನ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಾಗಿದ್ದರೆ ಯಾರಾದರೂ ನಿಕಾಹ್ ನಿಲ್ಲಿಸುತ್ತಾರೆಯೇ? ಎಷ್ಟೋ ಉಮ್ಮಂದಿರು ಮಗಳ ಬಾಯಿ ಮುಚ್ಚಿಸುವುದು ಕಲ್ಲುಹೃದಯದಿಂದಲ್ಲ, ನಿಮ್ಮ ಭಯದಿಂದ. ಆ ಭಯವನ್ನು ಅವರಿಂದ ತೆಗೆಯಬೇಕಾದವರೂ ನೀವೇ.

ಮೂವತ್ತು ದಾಟಿದ ಮಹಿಳೆಯರ ಸ್ತನ ತಪಾಸಣೆಯು ಸರಕಾರಿ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿದೆ. ಅದನ್ನು ಉಪಯೋಗಿಸಿಕೊಳ್ಳಬೇಕು. ರಕ್ತದಾನ ಶಿಬಿರಗಳನ್ನು ಉತ್ಸಾಹದಿಂದ ನಡೆಸುವ ನಮ್ಮ ಜಮಾಅತ್‌ಗಳು ವರ್ಷಕ್ಕೊಮ್ಮೆ ಮಹಿಳಾ ವೈದ್ಯರನ್ನು ಕರೆಸಿ ಮಹಿಳೆಯರಿಗಾಗಿ ಒಂದು ಮಾಹಿತಿ ಸಭೆ ಏರ್ಪಡಿಸಲಾರವೇ? ಖತೀಬರು ಒಂದು ಜುಮಾದಂದು ಗಂಡಸರಿಗೆ ಈ ಬಗ್ಗೆ ಎರಡು ಮಾತು ಹೇಳಲಾರರೇ? ಆದರೆ ಎಲ್ಲಕ್ಕಿಂತ ಮೊದಲ ಹೆಜ್ಜೆ ಮನೆಯೊಳಗಿನದು. ಉಮ್ಮಂದಿರೇ, ಮಗಳು ಋತುಮತಿಯಾದಾಗ ಅವಳಿಗೆ ನಮಾಝಿನ ನಿಯಮಗಳನ್ನು ಹೇಳಿಕೊಡುತ್ತೀರಿ. ಅದರ ಜೊತೆಗೆ, 'ನಿನ್ನ ಶರೀರದಲ್ಲಿ ಏನೇ ವ್ಯತ್ಯಾಸ ಕಂಡರೂ ಮೊದಲು ನನ್ನಲ್ಲಿ ಹೇಳು, ನಾನು ಬೈಯುವುದಿಲ್ಲ' ಎಂಬ ಒಂದು ಮಾತನ್ನೂ ಸೇರಿಸಿರಿ. ಆ ಮಾತು ಮುಂದೊಂದು ದಿನ ಅವಳ ಜೀವವನ್ನು, ಬಹುಶಃ ನಿಮ್ಮದನ್ನೂ, ಉಳಿಸೀತು.