ಪೆಟ್ಟಿಗೆ ಉಳಿಯಿತು, ದನಿ?

ಹ್ಯೂಸ್ಟನ್ನಿನ ನೈರುತ್ಯಕ್ಕಿರುವ ಮಿಸೌರಿ ಸಿಟಿ, ಶುಗರ್ ಲ್ಯಾಂಡ್, ಸ್ಟ್ಯಾಫರ್ಡ್‌ಗಳಲ್ಲಿ ನಾನು ಬಲ್ಲ ಕೆಲವು ಕನ್ನಡ ಮನೆಗಳ ಪಡಸಾಲೆಗೆ ಈಚಿನ ವರ್ಷಗಳಲ್ಲಿ ಒಂದು ಹಳೆಯ ವಸ್ತು ಹೊಸದಾಗಿ ಬಂದು ಕುಳಿತಿದೆ. ನಾಲ್ಕೈದು ಅಡಿ ಉದ್ದದ ಮರದ ಕಪಾಟು. ಮುಚ್ಚಳ ಎತ್ತಿದರೆ ಒಳಗೆ ರೆಕಾರ್ಡ್ ತಿರುಗಿಸುವ ಯಂತ್ರ, ರೇಡಿಯೊ, ವಾಲ್ವ್‌ಗಳಿಂದ ನಡೆಯುವ ಧ್ವನಿವರ್ಧಕ. ಎರಡು ಬದಿಗಳಲ್ಲಿ ಬಟ್ಟೆ ಹೊದ್ದ ಸ್ಪೀಕರುಗಳು. ಇಲ್ಲಿಯವರು ಇದನ್ನು ಸ್ಟೀರಿಯೊ ಕನ್ಸೋಲ್ ಎನ್ನುತ್ತಾರೆ. ಊರಿನ ಸ್ಥಿತಿವಂತರ ಮನೆಗಳಲ್ಲಿ ಇದರ ದಾಯಾದಿಯನ್ನು ರೇಡಿಯೊಗ್ರಾಮ್ ಎನ್ನುತ್ತಿದ್ದರು. ಸ್ಟೀರಿಯೊ ರೆಕಾರ್ಡುಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಮುಂದಿನ ಹತ್ತು ವರ್ಷಗಳೊಳಗೆ ಟ್ರಾನ್ಸಿಸ್ಟರ್ ವಾಲ್ವನ್ನು ಹೊರದಬ್ಬಿತು. ಮ್ಯಾಗ್ನಾವಾಕ್ಸ್, ಜೆನಿತ್, ಆರ್‌ಸಿಎ ವಿಕ್ಟರ್, ಫಿಶರ್ ಕಂಪನಿಗಳ ವಾಲ್ವ್ ಕನ್ಸೋಲುಗಳು ಆ ಒಂದು ದಶಕದ ಕೂಸುಗಳು. ಅವುಗಳನ್ನು ಕೊಂಡ ತಲೆಮಾರು ಈಗ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದೆ. ಅವರ ಮನೆಸಾಮಾನು ಮಾರಾಟಕ್ಕಿಟ್ಟಾಗ ಕನ್ಸೋಲು ಹೊಸ ಯಜಮಾನನನ್ನು ಹುಡುಕಿಕೊಳ್ಳುತ್ತದೆ.

ಈ ಹವ್ಯಾಸದ ಬಗ್ಗೆ ನನ್ನ ತಕರಾರಿಲ್ಲ. ಅದು ತನ್ನನ್ನು ‘ಪರಂಪರೆಯ ರಕ್ಷಣೆ’ ಎಂದು ಕರೆದುಕೊಳ್ಳುವಾಗ, ಕನ್ನಡ ಸಮಾರಂಭದ ವೇದಿಕೆಯ ಮೇಲೆ ಹಿತ್ತಾಳೆ ಕೊಳವೆಯ ಗ್ರಾಮಫೋನನ್ನಿಟ್ಟು ‘ನಮ್ಮ ಸಂಗೀತದ ಸುವರ್ಣಯುಗ’ ಎಂದು ಘೋಷಿಸುವಾಗ ನನ್ನ ತಕರಾರು ಶುರುವಾಗುತ್ತದೆ. ನಮ್ಮ ಭಾಷೆಯ ದನಿ ಇರುವುದು ಆ ಯಂತ್ರಗಳ ಮೇಲೆ ತಿರುಗಬೇಕಾದ ಅರಗಿನ ತಟ್ಟೆಗಳಲ್ಲಿ. ಪೆಟ್ಟಿಗೆಗೆ ಹಣವನ್ನೂ ವಾರಾಂತ್ಯಗಳನ್ನೂ ಸುರಿಯುವ ನಾವು ತಟ್ಟೆಗಾಗಿ ಏನು ಮಾಡಿದ್ದೇವೆ?

ಮೊದಲು ದುರಸ್ತಿ ಬಲ್ಲವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅರವತ್ತು ವರ್ಷ ಹಳೆಯ ಕನ್ಸೋಲನ್ನು ತಂದವರು ನೇರ ಪ್ಲಗ್ಗಿಗೆ ಹಾಕಬಾರದು. ಒಳಗಿನ ಕೆಪಾಸಿಟರುಗಳು ಒಣಗಿರುತ್ತವೆ. ಅವು ಕೆಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ವಾಲ್ವುಗಳಿಗೆ ಹರಿಯುವ ವಿದ್ಯುತ್ತು ಮುನ್ನೂರು ವೋಲ್ಟಿನ ಆಸುಪಾಸಿನದು; ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಒಳಗೇ ಕಾದಿರುತ್ತದೆ. ತಟ್ಟೆಯನ್ನು ತಿರುಗಿಸುವ ರಬ್ಬರ್ ಚಕ್ರ ಗಟ್ಟಿಯಾಗಿ ವೇಗ ತಪ್ಪಿರುತ್ತದೆ, ಕೀಲುಗಳಲ್ಲಿನ ಗ್ರೀಸು ಮೇಣದಂತೆ ಹೆಪ್ಪುಗಟ್ಟಿರುತ್ತದೆ. ಇವನ್ನೆಲ್ಲ ತಾಳ್ಮೆಯಿಂದ ಸರಿಪಡಿಸುವವನು ಬಿಸಾಡುವುದನ್ನೇ ಧರ್ಮವಾಗಿಸಿಕೊಂಡ ಮಾರುಕಟ್ಟೆಗೆ ಕೈಯಿಂದಲೇ ಉತ್ತರ ಕೊಡುತ್ತಿರುತ್ತಾನೆ. ಇದೇ ಹವ್ಯಾಸದ ಇನ್ನೊಂದು ಮುಖವೂ ಉಂಟು: ಇಎಲ್84 ವಾಲ್ವಿನ ಧ್ವನಿವರ್ಧಕವನ್ನು ಕಿತ್ತು ಬೇರೆಯಾಗಿ ಮಾರಿ, ಉಳಿದ ಕಪಾಟಿನಲ್ಲಿ ವಿಸ್ಕಿ ಬಾಟಲಿ ಜೋಡಿಸುವುದು. ಕಪಾಟು ಚಂದ ಕಾಣುತ್ತದೆ. ಅದಕ್ಕೆ ಬಾಯಿಯೇ ಇರುವುದಿಲ್ಲ. ನಮ್ಮ ಸಾಂಸ್ಕೃತಿಕ ಹಳಹಳಿಕೆಗೆ ಇದಕ್ಕಿಂತ ತಕ್ಕ ರೂಪಕ ನನಗೆ ಸಿಕ್ಕಿಲ್ಲ.

ಆ ಬಾಯಿಂದ ಯಾರ ದನಿ ಬರಬೇಕಿತ್ತು? 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಆರಂಭಿಸಿದಾಗ ಯಂತ್ರದ ಮುಂದೆ ನಿಂತು ಹಾಡಿದವರು ‘ಮರ್ಯಾದಸ್ಥ’ ಮನೆಗಳ ಹೆಣ್ಣುಮಕ್ಕಳಲ್ಲ. ಅಂದು ಹಾಡಿ, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಸಾರಿದ ಗೌಹರ್ ಜಾನ್ ತವಾಯಫ್ ಪರಂಪರೆಗೆ ಸೇರಿದವರು; ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮನವರ ಹಾಡಿಕೆ ತಟ್ಟೆಗಿಳಿಯಿತು. ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಪೂರ್ಣವಾಗಿ ಅಚ್ಚುಹಾಕಿಸಿ ಮಡಿವಂತರ ಸಿಟ್ಟನ್ನೂ ಸರ್ಕಾರದ ನಿಷೇಧವನ್ನೂ ಎದುರಿಸಿದ ಹೆಣ್ಣು ಅವರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ನಾಟಕ ಮತ್ತು ರೆಕಾರ್ಡುಗಳ ದಾರಿಯಿಂದ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಮೂಲಕ ಮನೆಮಾತಾದರು. ಅವರ ಬದುಕಿನ ಜಾಡು ಹಿಡಿದು ರಹಮತ್ ತರೀಕೆರೆ ಪುಸ್ತಕ ಬರೆಯದೇ ಇದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಕೊನೆಯ ‘ಕರ್ನಾಟಕಿ’ ನೆನಪಿರುತ್ತಿತ್ತು?

ಗಂಗೂಬಾಯಿ ಹಾನಗಲ್ಲರ ಉದಾಹರಣೆ ಇನ್ನೂ ಸ್ಪಷ್ಟವಾದದ್ದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಆ ಬಾಲಕಿಗೆ, ಊಟದ ಹೊತ್ತಿಗೆ ತನ್ನ ಜಾತಿಯ ಕಾರಣಕ್ಕೆ ಏನು ಕೇಳಬೇಕಾಗುವುದೋ ಎಂಬ ಭಯವಿತ್ತೆಂದು ಅವರೇ ಮುಂದೆ ನೆನೆದಿದ್ದಾರೆ. 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಅವರ ರೆಕಾರ್ಡುಗಳು ಬಂದವು. ಅವುಗಳಲ್ಲಿರುವುದು ಎತ್ತರದ, ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಹೋಗಿ, ನಾವೆಲ್ಲ ಬಲ್ಲ ಗಂಭೀರವಾದ ದನಿ ಬಂತು. ಆ ಮೊದಲ ದನಿ ಇಂದಿಗೂ ಉಳಿದಿದ್ದರೆ ಅದು 78 ವೇಗದ ಅರಗಿನ ತಟ್ಟೆಗಳ ಕೃಪೆಯಿಂದ. ಒಂದು ತಟ್ಟೆ ಒಡೆದರೆ ಒಡೆಯುವುದು ಬರಿಯ ಅರಗಲ್ಲ.

ಸಭೆಗಳು ಬಾಗಿಲು ಮುಚ್ಚಿದ್ದವರಿಗೆ ಕಂಪನಿಯ ಕೋಣೆ ಬಾಗಿಲು ತೆರೆಯಿತು. ಅದು ಕಂಪನಿಯ ಔದಾರ್ಯವೇನೂ ಆಗಿರಲಿಲ್ಲ, ವ್ಯಾಪಾರವಾಗಿತ್ತು. ಆದರೂ ಆ ವ್ಯಾಪಾರದಿಂದಾಗಿ ದೇವದಾಸಿಯರ, ಮುಸ್ಲಿಂ ನಟಿಯರ, ನಾಟಕ ಕಂಪನಿಯ ಗಾಯಕರ ದನಿಗಳು ಸಾಕ್ಷ್ಯವಾಗಿ ಉಳಿದವು. ಇಂದು ಸಾಗರದಾಚೆ ನಾವು ಕಟ್ಟಿಕೊಂಡಿರುವ ‘ಶುದ್ಧ’ ಸಂಗೀತ ಪರಂಪರೆಯ ಕಥೆಯಲ್ಲಿ ಇವರಿಗೆ ಜಾಗ ಕಡಿಮೆ. ಆ ಕಥೆಯನ್ನು ಸುಳ್ಳಾಗಿಸಬಲ್ಲ ಪುರಾವೆ ಮೂರು ನಿಮಿಷದ ತಟ್ಟೆಗಳಲ್ಲಿ ಕುಳಿತಿರುವಾಗ, ತಟ್ಟೆಗಳ ಬಗೆಗಿನ ಉದಾಸೀನವನ್ನು ಬರಿಯ ಮರೆವು ಎಂದು ನಾನು ಒಪ್ಪಲಾರೆ. ಅದರಿಂದ ಯಾರಿಗೆ ಅನುಕೂಲ ಎಂಬುದನ್ನೂ ಕೇಳಬೇಕಾಗುತ್ತದೆ.

ಇನ್ನು ಕನ್ಸೋಲ್ ಪ್ರಿಯರು ಪ್ರೀತಿಯಿಂದಲೇ ಮಾಡುವ ಹಾನಿಯ ಮಾತು. ಆ ಕಾಲದ ಹಲವು ಕನ್ಸೋಲುಗಳಲ್ಲಿ 78ರ ವೇಗವೂ ಇದೆ. ಆದರೆ 78ರ ಗೀರಿಗೆ ಬೇಕಾದದ್ದು ಇಂಚಿನ ಸಾವಿರದಲ್ಲಿ ಮೂರು ಭಾಗದಷ್ಟು ತ್ರಿಜ್ಯದ ತುದಿಯಿರುವ ಮುಳ್ಳು. ಎಲ್‌ಪಿಯ ಮುಳ್ಳು ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನದಲ್ಲ. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಗೀರಿನ ತಳದ ಕಸವನ್ನು ಕೆರೆಯುತ್ತಾ ಹೋಗುತ್ತದೆ. ಕೇಳಿಸುವ ಕರಕರ ಶಬ್ದವನ್ನು ನಾವು ‘ಹಳೆಯ ಕಾಲದ ಸೊಗಸು’ ಎಂದು ಚಪ್ಪರಿಸುತ್ತೇವೆ. ತಟ್ಟೆಯ ಮೇಲೆ ತಟ್ಟೆಯನ್ನು ತಾನೇ ಬೀಳಿಸುವ ಆಟೋಮ್ಯಾಟಿಕ್ ಚೇಂಜರಿಗೆ ಬೇರೆಲ್ಲಿಯೂ ಸಿಗದ ಅರಗಿನ ತಟ್ಟೆಯನ್ನು ಒಪ್ಪಿಸುವುದು ಜೂಜು. ಉಕ್ಕಿನ ಮುಳ್ಳಿನ ಗ್ರಾಮಫೋನಿನದು ಇನ್ನೂ ಕಷ್ಟ: ಪ್ರತಿ ಬದಿಗೂ ಮುಳ್ಳು ಬದಲಿಸಬೇಕು, ಬದಲಿಸಿದರೂ ತಟ್ಟೆ ಸವೆಯುತ್ತದೆ. ವೇದಿಕೆಯ ಮೇಲೆ ಚಪ್ಪಾಳೆಗಾಗಿ ನುಡಿಸಿದ ಪ್ರತಿ ಸಲವೂ ಆ ಗಾಯಕಿಯ ದನಿಯ ಒಂದು ಪದರ ಪುಡಿಯಾಗಿ ಉದುರುತ್ತದೆ. ಇದರ ಮೇಲೆ ಟೆಕ್ಸಾಸಿನ ಬೇಸಿಗೆ: ಗ್ಯಾರೇಜಿನಲ್ಲೋ ಅಟ್ಟದಲ್ಲೋ ಇಟ್ಟ ಎಲ್‌ಪಿ ಬಾಗುತ್ತದೆ, ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ. 2017ರ ಹಾರ್ವೆ ಚಂಡಮಾರುತದ ನೆರೆ ಇಳಿದ ಮೇಲೆ ಇಲ್ಲಿಯ ಬೀದಿಬದಿಗಳಲ್ಲಿ ಮನೆಗಟ್ಟಲೆ ಸಾಮಾನು ರಾಶಿ ಬಿದ್ದಿದ್ದನ್ನು ಕಂಡವರಿಗೆ, ಒಂದೇ ಮನೆಯಲ್ಲಿ ಒಂದೇ ಪ್ರತಿ ಇಡುವುದು ಸಂರಕ್ಷಣೆಯಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸಂರಕ್ಷಣೆ ಎಂದರೇನು? ಪಾಠ ಕಲಿಯಲು ದೂರ ಹೋಗಬೇಕಾಗಿಲ್ಲ. ಮಿಸೌರಿ ಸಿಟಿಯ ನೆರೆಯ ಶುಗರ್ ಲ್ಯಾಂಡಿನಲ್ಲಿ ಸೆಂಟ್ರಲ್ ಸ್ಟೇಟ್ ಫಾರ್ಮ್ ಎಂಬ ಸೆರೆಮನೆಯ ಹೊಲವಿತ್ತು. 1933ರಲ್ಲಿ ಜಾನ್ ಲೋಮ್ಯಾಕ್ಸ್ ಅಲ್ಲಿಗೆ ಯಂತ್ರ ಹೊತ್ತು ಬಂದು, ‘ಐರನ್ ಹೆಡ್’ ಎಂದು ಕರೆಯಲಾಗುತ್ತಿದ್ದ ಜೇಮ್ಸ್ ಬೇಕರ್ ಮೊದಲಾದ ಕಪ್ಪು ಕೈದಿಗಳ ಹಾಡನ್ನು ಮುದ್ರಿಸಿಕೊಂಡರು. ಹಾಡಿದವನು ಸಂಕೋಲೆಯಲ್ಲಿದ್ದ, ಮುದ್ರಿಸಿದವನು ಸ್ವತಂತ್ರನಾಗಿದ್ದ ಎಂಬ ಅಸಮಾನತೆಯನ್ನು ಮರೆಯಬಾರದು. ಆದರೂ ಆ ಮುದ್ರಣಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಾರ್ವಜನಿಕ ಭಂಡಾರಕ್ಕೆ ಸೇರಿದ್ದರಿಂದ ಬೇಕರನ ದನಿ ಇಂದಿಗೂ ಕೇಳುತ್ತದೆ. ಅದೇ ಊರಿನಲ್ಲಿ 2018ರಲ್ಲಿ ಶಾಲೆಯ ಕಟ್ಟಡಕ್ಕಾಗಿ ನೆಲ ಅಗೆದಾಗ, ಕೈದಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಕಾಲದ 95 ಮಂದಿಯ ಅಸ್ಥಿಗಳು ಸಿಕ್ಕವು. ಅವರ ಮೂಳೆ ಉಳಿಯಿತು, ದನಿ ಉಳಿಯಲಿಲ್ಲ. ಯಾರೋ ಮುದ್ರಿಸಿ, ಸಾರ್ವಜನಿಕ ಜಾಗದಲ್ಲಿ ಇಡುವುದಕ್ಕೂ ಇಡದಿರುವುದಕ್ಕೂ ಇರುವ ಅಂತರ ಇದು.

ಇನ್ನೊಂದು ಉದಾಹರಣೆ ವಲಸಿಗನೊಬ್ಬನದು. ಜರ್ಮನಿಯಿಂದ ಬಂದ ಕ್ರಿಸ್ ಸ್ಟ್ರಾಕ್‌ವಿಟ್ಸ್ 1959ರಲ್ಲಿ ಲೈಟ್ನಿನ್ ಹಾಪ್ಕಿನ್ಸರನ್ನು ಹುಡುಕಿಕೊಂಡು ಹ್ಯೂಸ್ಟನ್ನಿಗೆ ಬಂದವರು, ಮರುವರ್ಷ ಆರ್ಹೂಲಿ ಎಂಬ ರೆಕಾರ್ಡ್ ಕಂಪನಿ ಕಟ್ಟಿದವರು. ಅವರು ಕೂಡಿಹಾಕಿದ ಮೆಕ್ಸಿಕನ್ ಮತ್ತು ಮೆಕ್ಸಿಕನ್-ಅಮೆರಿಕನ್ ರೆಕಾರ್ಡುಗಳು ಇಂದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂಲಕ ‘ಫ್ರಾಂಟೆರಾ ಸಂಗ್ರಹ’ ಎಂಬ ಹೆಸರಿನಲ್ಲಿ ಡಿಜಿಟಲ್ ರೂಪ ಪಡೆದಿವೆ. ಅದಕ್ಕೆ ಹಣ ಕೊಟ್ಟವರಲ್ಲಿ ಲಾಸ್ ಟೀಗ್ರೆಸ್ ದೆಲ್ ನಾರ್ತೆ ಎಂಬ ಮೆಕ್ಸಿಕನ್ ವಲಸಿಗರದೇ ವಾದ್ಯವೃಂದದ ಪ್ರತಿಷ್ಠಾನವಿದೆ. ನಮ್ಮದೇ ಕಂಪನಿಗಳಲ್ಲಿ, ನಮಗಿಂತ ಕಡಿಮೆ ಸಂಬಳಕ್ಕೆ ದುಡಿಯುವ ಸಮುದಾಯ ತನ್ನ ಹಾಡನ್ನು ಹೀಗೆ ಉಳಿಸಿಕೊಂಡಿದೆ. ಎರಡು ವರ್ಷಕ್ಕೊಮ್ಮೆ ಸಮ್ಮೇಳನ ಮಾಡಿ ಚಿತ್ರತಾರೆಯರನ್ನು ವಿಮಾನದಲ್ಲಿ ಕರೆಸಿಕೊಳ್ಳಬಲ್ಲ ನಾವು ಬಡವರೇ?

‘ಎಲ್ಲವೂ ಯೂಟ್ಯೂಬಿನಲ್ಲಿದೆಯಲ್ಲ’ ಎಂಬುದು ಸಾಮಾನ್ಯ ಸಮಾಧಾನ. ಅಲ್ಲಿರುವ ಎಷ್ಟೋ ತುಣುಕುಗಳಿಗೆ ತಟ್ಟೆಯ ಸಂಖ್ಯೆಯಿಲ್ಲ, ಕಂಪನಿಯ ಹೆಸರಿಲ್ಲ. ಆರಂಭಕಾಲದ ತಟ್ಟೆಗಳೆಲ್ಲ ನಿಖರವಾಗಿ 78 ಸುತ್ತಿನವಲ್ಲ. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ಗಾಯಕಿಯ ದನಿಯೇ ಬೇರೆಯವರದಾಗುತ್ತದೆ. ಮೇಲಾಗಿ, ಖಾಸಗಿ ಕಂಪನಿಯೊಂದು ಯಾವ ಕ್ಷಣದಲ್ಲಾದರೂ ಅಳಿಸಬಹುದಾದದ್ದನ್ನು ಭಂಡಾರ ಎನ್ನಲಾಗದು. ‘ಹಕ್ಕುಸ್ವಾಮ್ಯದ ತೊಡಕು’ ಎಂಬುದು ಎರಡನೆಯ ನೆಪ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದಲ್ಲಿಂದ 60 ವರ್ಷ. ಸಾಹಿತ್ಯ ಮತ್ತು ಸ್ವರರಚನೆಯ ಹಕ್ಕು ಬೇರೆ ಲೆಕ್ಕದ್ದು ನಿಜ. ಆದರೂ 78ರ ಕಾಲದ ಕನ್ನಡ ಮುದ್ರಣಗಳ ಬಹುಪಾಲಿನ ಮೇಲೆ ಈಗ ಕಂಪನಿಯ ಬೀಗವಿಲ್ಲ. ಅಮೆರಿಕದಲ್ಲಿ 2018ರ ಕಾಯ್ದೆಯ ಪ್ರಕಾರ 1923ರಿಂದ 1946ರವರೆಗಿನ ಮುದ್ರಣಗಳಿಗೆ ನೂರು ವರ್ಷದ ರಕ್ಷಣೆಯಿದೆ. ಆದ್ದರಿಂದ ಈ ಭಂಡಾರದ ಮನೆ ಕರ್ನಾಟಕದಲ್ಲಿಯೇ ಇರಬೇಕು. ಮುಂಬಯಿಯಲ್ಲಿ 1990ರಿಂದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವಿದೆ. ಬೆಂಗಳೂರಿನಲ್ಲಿ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಎಂಬ ಖಾಸಗಿ ಪ್ರಯತ್ನವಿದೆ. ಆದರೆ ಭಾಷೆಯೊಂದರ ದನಿಯ ಹೊಣೆಯನ್ನು ಕೆಲವೇ ಆಸಕ್ತರ ಹೆಗಲಿಗೆ ಬಿಡುವುದು ನ್ಯಾಯವಲ್ಲ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿಯೇ ಸಂಗೀತ ವಿಶ್ವವಿದ್ಯಾಲಯವಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಎಲ್ಲರಿಗೂ ತೆರೆದ ಕನ್ನಡ ಧ್ವನಿ ಭಂಡಾರವನ್ನು ಅಲ್ಲಿ ಕಟ್ಟಿ ಎಂದು ಕೇಳುವ, ಅದಕ್ಕೆ ಹಣ ಕೊಡುವ ಶಕ್ತಿ ನಮಗಿದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕನ್ಸೋಲ್ ದುರಸ್ತಿ ಬಲ್ಲ ಗೆಳೆಯರಿಗೆ ಬೇಕಾದ ಕೌಶಲವೆಲ್ಲ ಆಗಲೇ ಇದೆ. ಮನೆಯಲ್ಲಿರುವ, ಪರಿಚಿತರ ಮನೆಯ ಟ್ರಂಕುಗಳಲ್ಲಿರುವ ಕನ್ನಡ ತಟ್ಟೆಗಳ ಪಟ್ಟಿ ಮಾಡಲಿ. ಲೇಬಲ್ಲಿನ ಎರಡೂ ಬದಿಯ ಚಿತ್ರ ತೆಗೆಯಲಿ. ಗೀರು ಮುಗಿದಲ್ಲಿ ಕೊರೆದಿರುವ ಸಂಖ್ಯೆಯನ್ನು ಬರೆದುಕೊಳ್ಳಲಿ. ಸರಿಯಾದ ಮುಳ್ಳಿನಿಂದ, ಹೊಸ ಟರ್ನ್‌ಟೇಬಲ್ಲಿನ ಮೇಲೆ, ಶಬ್ದ ಸೋಸದೆ, 96 ಕಿಲೋಹರ್ಟ್ಸ್ 24 ಬಿಟ್ಟಿನಲ್ಲಿ ಒಂದೇ ಒಂದು ಸಲ ನುಡಿಸಿ ಪ್ರತಿ ಮಾಡಲಿ. ಎರಡು ಖಂಡಗಳಲ್ಲಿ ಮೂರು ಜಾಗದಲ್ಲಿ ಪ್ರತಿ ಇಡಲಿ. ಆಮೇಲೆ ಆ ಪ್ರತಿಯನ್ನು ಕನ್ಸೋಲಿನ ಧ್ವನಿವರ್ಧಕಕ್ಕೆ ಜೋಡಿಸಿ, ವಾಲ್ವುಗಳು ಕೆಂಪಗೆ ಬೆಳಗುತ್ತಿರುವಾಗ ಎಷ್ಟು ಸಲ ಬೇಕಾದರೂ ಕೇಳಲಿ.

ಹಾಗೆ ಮಾಡಿದವರನ್ನು ಪರಂಪರೆಯ ರಕ್ಷಕರು ಎಂದು ಕರೆಯಲು ನಾನೇ ಮೊದಲಿಗನಾಗುತ್ತೇನೆ. ಮಿಕ್ಕವರು ಪೀಠೋಪಕರಣದ ಪ್ರಿಯರು. ಅದೂ ತಪ್ಪಲ್ಲ, ಅದಕ್ಕೆ ಕನ್ನಡದ ಹೆಸರು ಹೇಳುವುದು ಬೇಡ.