ತೆರೆಯ ಮೇಲಿನ ಟ್ರಾನ್ಸಿಸ್ಟರು, ಮೇಜಿನ ಮೇಲಿನ ಟ್ರಾನ್ಸಿಸ್ಟರು

ಶ್ರೀಮಠದ ನೆರಳಿನಲ್ಲಿ ಬೆಳೆದು ಬಂದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಶರಣರ ತತ್ತ್ವ, ಗುರುಪರಂಪರೆ, ದಾಸೋಹದ ಮಹಿಮೆ ಮುಂತಾದ ವಿಷಯಗಳಿಗೆ ಅಗ್ರಸ್ಥಾನ ಸಲ್ಲುವುದು ಯುಕ್ತವೇ ಆಗಿದೆ. ಅವುಗಳ ನಡುವೆ ಟ್ರಾನ್ಸಿಸ್ಟರನ್ನು ಕುರಿತ ಲೇಖನವೊಂದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಕಂದಿಕೆರೆಯ ಸುತ್ತಿನ ತೆಂಗಿನ ತೋಟಗಳಿಗೆ ಹೋಗಿ ನೋಡಿದರೆ ಕೊಳವೆಬಾವಿಯ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ. ಮೂರು ಫೇಸುಗಳಲ್ಲಿ ಒಂದು ಕೈಕೊಟ್ಟಾಗ ಮೋಟಾರು ಸುಡದಂತೆ ಕಾಯುವ, ವಿದ್ಯುತ್ತು ಬಂದೊಡನೆ ಪಂಪನ್ನು ತಾನೇ ಚಾಲೂ ಮಾಡುವ ಸಾಧನಗಳು ಆ ಪೆಟ್ಟಿಗೆಯಲ್ಲಿರುತ್ತವೆ. ಆ ಸಾಧನಗಳ ಒಡಲಲ್ಲಿ ಕಡಲೆಕಾಳಿನಷ್ಟು ಗಾತ್ರದ ಟ್ರಾನ್ಸಿಸ್ಟರುಗಳು ದುಡಿಯುತ್ತಿರುತ್ತವೆ. ಬೇಸಗೆಯಲ್ಲಿ ಒಂದು ತೋಟಕ್ಕೆ ನೀರು ಹರಿಯುವುದೂ ನಿಲ್ಲುವುದೂ ಅವುಗಳ ನಡವಳಿಕೆಯನ್ನು ಅವಲಂಬಿಸಿದೆ. ಆದ್ದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ಏನನ್ನಾದರೂ ಅರ್ಪಿಸಬೇಕೆಂದು ಬಯಸಿದಾಗ ಇಂದು ಅವರಿಗೆ ಮೊದಲು ನೆನಪಾಗುವುದು ಗಣಕಯಂತ್ರ. ಅದರ ಬೆನ್ನಿಗೇ ಬರುವ ಸಲಹೆಯೆಂದರೆ, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ಇನ್ನು ಮುಂದೆ ವಿದ್ಯುನ್ಮಂಡಲಗಳನ್ನು ತೆರೆಯ ಮೇಲೆಯೇ ರಚಿಸಿ, ತೆರೆಯ ಮೇಲೆಯೇ ಪರೀಕ್ಷಿಸಬಹುದು, ಪ್ರಯೋಗಶಾಲೆಯ ಹಳೆಯ ಮೇಜು, ತಂತಿ, ಮಾಪಕಗಳಿಗೆ ಖರ್ಚು ಮಾಡುವ ಅಗತ್ಯವಿಲ್ಲ ಎಂಬುದು. ಸಲಹೆಯ ಮೊದಲರ್ಧವನ್ನು ನಾನು ಸ್ವಾಗತಿಸುತ್ತೇನೆ. ಎರಡನೆಯ ಅರ್ಧವನ್ನು ವಿರೋಧಿಸುತ್ತೇನೆ. ಅದಕ್ಕೆ ಕಾರಣವನ್ನು ಓದುಗ ಮಹನೀಯರ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಸಿಮ್ಯುಲೇಷನ್ ಎಂದು ಕರೆಯುವ ಈ ಅನುಕರಣ ವಿದ್ಯೆಯ ಸ್ವರೂಪವನ್ನು ಮೊದಲು ತಿಳಿಯೋಣ. ತೆರೆಯ ಮೇಲೆ ಬರೆದ ಮಂಡಲದಲ್ಲಿ ನಿಜವಾದ ಟ್ರಾನ್ಸಿಸ್ಟರು ಇರುವುದಿಲ್ಲ. ಅದರ ಸ್ಥಾನದಲ್ಲಿ ಕೆಲವು ಸಮೀಕರಣಗಳೂ ಆ ಸಮೀಕರಣಗಳಿಗೆ ತುಂಬಬೇಕಾದ ಕೆಲವು ಸಂಖ್ಯೆಗಳೂ ಇರುತ್ತವೆ. ಇವೆರಡೂ ಸೇರಿದ್ದನ್ನು ಟ್ರಾನ್ಸಿಸ್ಟರಿನ ಮಾದರಿ ಎನ್ನುತ್ತಾರೆ. ಎಬರ್ಸ್ ಮತ್ತು ಮೋಲ್ ಎಂಬ ವಿಜ್ಞಾನಿಗಳು ೧೯೫೪ರಲ್ಲಿ ಇಂಥದೊಂದು ಸರಳ ಮಾದರಿಯನ್ನು ಪ್ರಕಟಿಸಿದರು. ಬೆಲ್ ಪ್ರಯೋಗಾಲಯದ ಗುಮ್ಮೆಲ್ ಮತ್ತು ಪೂನ್ ೧೯೭೦ರಲ್ಲಿ ಅದಕ್ಕಿಂತ ವಿಸ್ತಾರವಾದುದನ್ನು ಕೊಟ್ಟರು. ೧೯೭೩ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಪೀಡರ್ಸನ್ ಎಂಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ ‘ಸ್ಪೈಸ್’ ಎಂಬ ತಂತ್ರಾಂಶವನ್ನು ರೂಪಿಸಿದನು. ವಿಶ್ವವಿದ್ಯಾನಿಲಯವು ಅದನ್ನು ಬಚ್ಚಿಡದೆ ಲೋಕಕ್ಕೆ ಹಂಚಿತು. ಇದನ್ನು ಜ್ಞಾನದಾಸೋಹವೆಂದು ಕರೆದರೆ ತಪ್ಪಾಗಲಾರದು. ಇಂದು ಬಳಕೆಯಲ್ಲಿರುವ ಮಂಡಲಾನುಕರಣ ತಂತ್ರಾಂಶಗಳಲ್ಲಿ ಬಹುಪಾಲು ಅದರ ಸಂತತಿಯವೇ. ಉಚಿತವಾಗಿ ದೊರೆಯುವ ಎನ್‌ಜಿಸ್ಪೈಸ್ ಮತ್ತು ಅದನ್ನು ಆಧರಿಸಿ ಮುಂಬಯಿಯ ಐ.ಐ.ಟಿ. ಸಿದ್ಧಪಡಿಸಿರುವ ಇ-ಸಿಮ್ ಎಂಬುವು ಹಳ್ಳಿಯ ಶಾಲೆಗೂ ಎಟಕುವಂಥವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಂತ್ರಾಂಶವು ಲೆಕ್ಕ ಮಾಡುವುದರಲ್ಲಿ ತಪ್ಪುವುದು ಅಪರೂಪ. ಉತ್ತರವನ್ನು ಏಳೆಂಟು ಅಂಕೆಗಳವರೆಗೆ ಕೊಡುತ್ತದೆ. ಆದರೆ ಲೆಕ್ಕದ ನಿಖರತೆ ಬೇರೆ, ಮಾದರಿಯ ಸತ್ಯತೆ ಬೇರೆ. ತಪ್ಪು ಅಳತೆಯ ಸೇರಿನಿಂದ ಎಷ್ಟು ಎಚ್ಚರಿಕೆಯಿಂದ ಅಳೆದರೂ ರಾಗಿಯ ಪ್ರಮಾಣ ಸರಿಯಾಗಿ ಸಿಗದು. ತೆರೆಯ ಮೇಲಿನ ಉದ್ದನೆಯ ಸಂಖ್ಯೆಯನ್ನು ಕಂಡ ವಿದ್ಯಾರ್ಥಿಗೆ ಈ ಭೇದ ಮರೆತುಹೋಗುತ್ತದೆ.

ಉದಾಹರಣೆಗೆ, ಶಾಲೆಗಳಲ್ಲಿ ಬಹಳವಾಗಿ ಬಳಸುವ ಬಿ.ಸಿ. ೫೪೭ ಎಂಬ ಟ್ರಾನ್ಸಿಸ್ಟರನ್ನು ತೆಗೆದುಕೊಳ್ಳೋಣ. ಅದರ ವಿದ್ಯುತ್ ಪ್ರವಾಹ ವರ್ಧನೆ ಎಷ್ಟು ಎಂದು ಕೇಳಿದರೆ ತಯಾರಕರು ಒಂದೇ ಸಂಖ್ಯೆಯನ್ನು ಹೇಳುವುದಿಲ್ಲ. ‘ಎ’ ಗುಂಪಿನವು ೧೧೦ರಿಂದ ೨೨೦, ‘ಬಿ’ ಗುಂಪಿನವು ೨೦೦ರಿಂದ ೪೫೦, ‘ಸಿ’ ಗುಂಪಿನವು ೪೨೦ರಿಂದ ೮೦೦ ಎಂದು ಹೇಳುತ್ತಾರೆ. ಒಂದೇ ಹೆಸರಿನ, ನೋಡಲು ಒಂದೇ ಬಗೆಯ ಎರಡು ವಸ್ತುಗಳ ಗುಣದಲ್ಲಿ ಏಳು ಪಟ್ಟಿನವರೆಗೆ ಅಂತರವಿರಬಹುದು. ಮಾದರಿಯಲ್ಲಾದರೋ ಒಂದೇ ಸಂಖ್ಯೆ ಇರುತ್ತದೆ. ಅಷ್ಟೇ ಅಲ್ಲ, ವಿದ್ಯಾರ್ಥಿಯು ಯಾವ ಸಂಖ್ಯೆಯನ್ನೂ ತುಂಬದಿದ್ದರೆ ಸ್ಪೈಸ್ ತಾನಾಗಿ ವರ್ಧನೆಯನ್ನು ೧೦೦ ಎಂದು ಭಾವಿಸುತ್ತದೆ. ಒಳಗಿನ ರೋಧ ಸೊನ್ನೆ, ಧಾರಕತೆ ಸೊನ್ನೆ, ವಿಳಂಬ ಸೊನ್ನೆ ಎಂದು ಗ್ರಹಿಸುತ್ತದೆ. ಅಂಥ ಟ್ರಾನ್ಸಿಸ್ಟರು ಭೂಮಿಯ ಮೇಲೆ ಎಲ್ಲಿಯೂ ತಯಾರಾಗಿಲ್ಲ. ಆದರೂ ತೆರೆಯ ಮೇಲೆ ಅದು ಸೊಗಸಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿ. ಬಿ.ಸಿ. ೫೪೭ ತಾಳಿಕೊಳ್ಳಬಲ್ಲ ವೋಲ್ಟೇಜಿನ ಮಿತಿ ೪೫. ಆದರೆ ಸ್ಪೈಸಿನ ಮೂಲ ಗುಮ್ಮೆಲ್–ಪೂನ್ ಮಾದರಿಯಲ್ಲಿ ಟ್ರಾನ್ಸಿಸ್ಟರಿನ ಸಂಧಿ ಒಡೆಯುವ ವಿದ್ಯಮಾನಕ್ಕೆ ಸಮೀಕರಣವೇ ಇಲ್ಲ. ಅದಕ್ಕೆ ೨೦೦ ವೋಲ್ಟು ಕೊಟ್ಟರೂ ತೆರೆಯ ಮೇಲೆ ಏನೂ ಆಗುವುದಿಲ್ಲ. ತನ್ನ ಪ್ರವಾಹದಿಂದ ತಾನೇ ಬಿಸಿಯೇರುವ ಗುಣವೂ ಆ ಮಾದರಿಯಲ್ಲಿಲ್ಲ. ಹೀಗಾಗಿ ಅಲ್ಲಿ ಹೊಗೆ ಬರುವುದಿಲ್ಲ, ಸುಟ್ಟ ವಾಸನೆ ಬರುವುದಿಲ್ಲ. ಅನಂತರ ಬಂದ ವಿ.ಬಿ.ಐ.ಸಿ., ಮೆಕ್ಸ್‌ಟ್ರಾಮ್ ಮುಂತಾದ ಮಾದರಿಗಳು ಈ ಕೊರತೆಗಳನ್ನು ಬಹುಮಟ್ಟಿಗೆ ತುಂಬಿವೆಯೆಂಬುದು ನಿಜ. ಆದರೆ ಯಾವ ಮಾದರಿಯನ್ನು ಬಳಸುತ್ತಿದ್ದೇನೆ, ಅದರಲ್ಲಿ ಏನಿದೆ, ಏನಿಲ್ಲ ಎಂದು ಕೇಳುವ ಅಭ್ಯಾಸವಿಲ್ಲದವನಿಗೆ ಅವುಗಳಿಂದಲೂ ಪ್ರಯೋಜನವಿಲ್ಲ.

ಈಗ ನಮ್ಮ ತೋಟದ ಪೆಟ್ಟಿಗೆಗೆ ಬರೋಣ. ಬೇರೆ ಏನನ್ನೂ ಹೇಳದಿದ್ದರೆ ಸ್ಪೈಸ್ ಎಲ್ಲವನ್ನೂ ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೆಕ್ಕ ಮಾಡುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಂತ ಕಬ್ಬಿಣದ ಪೆಟ್ಟಿಗೆಯೊಳಗಿನ ಶಾಖ ಅದಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಅದರ ಬಾಗಿಲನ್ನು ಮುಟ್ಟಿದ ರೈತನೇ ಬಲ್ಲ. ೩೦ ಡಿಗ್ರಿ ಹೆಚ್ಚೆಂದು ಇಟ್ಟುಕೊಳ್ಳೋಣ. ಸಿಲಿಕಾನ್ ಸಂಧಿಯ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು ೨ ಮಿಲಿವೋಲ್ಟಿನಂತೆ ಇಳಿಯುತ್ತದೆ. ೩೦ ಡಿಗ್ರಿಗೆ ೬೦ ಮಿಲಿವೋಲ್ಟು ಆಯಿತು. ಈ ಇಳಿತಕ್ಕೆ ಅವಕಾಶ ಮಾಡದೆ, ಆಧಾರದ ವೋಲ್ಟೇಜನ್ನು ಬಿಗಿಯಾಗಿ ಕಟ್ಟಿಹಾಕಿದ ಮಂಡಲದಲ್ಲಿ ಪ್ರವಾಹವು ಹತ್ತು ಪಟ್ಟಿನಷ್ಟು ಏರಬಹುದು. ಸೋರಿಕೆಯ ಪ್ರವಾಹವು ಪ್ರತಿ ೧೦ ಡಿಗ್ರಿಗೆ ಸುಮಾರು ಇಮ್ಮಡಿಯಾಗುವುದರಿಂದ ಎಂಟು ಪಟ್ಟಾಗುತ್ತದೆ. ಉಷ್ಣತೆಯನ್ನು ಬದಲಿಸಿ ಲೆಕ್ಕ ಮಾಡೆಂದು ಹೇಳಿದರೆ ತಂತ್ರಾಂಶ ಖಂಡಿತ ಮಾಡುತ್ತದೆ. ಆದರೆ ಹೇಳಬೇಕೆಂಬುದು ಯಾರಿಗೆ ಹೊಳೆಯುತ್ತದೆ? ಬಿಸಿಯಾದ ಟ್ರಾನ್ಸಿಸ್ಟರನ್ನು ಒಮ್ಮೆಯಾದರೂ ಬೆರಳಿನಿಂದ ಮುಟ್ಟಿದವನಿಗೆ ಮಾತ್ರ.

ಮಾದರಿಯ ದೋಷ ಶಾಲಾ ಬಾಲಕರನ್ನು ಮಾತ್ರ ಕಾಡುತ್ತದೆಂದು ಭಾವಿಸಬೇಕಾಗಿಲ್ಲ. ಮಾಸ್ ಎಂಬ ಜಾತಿಯ ಟ್ರಾನ್ಸಿಸ್ಟರಿನ ಧಾರಕತೆಗೆ ೧೯೭೧ರಲ್ಲಿ ಮೇಯರ್ ಎಂಬವರು ಕೊಟ್ಟ ಮಾದರಿ ಬಹುಕಾಲ ಬಳಕೆಯಲ್ಲಿತ್ತು. ಅದನ್ನು ಬಳಸಿ ಲೆಕ್ಕ ಮಾಡಿದಾಗ ಕೆಲವು ಮಂಡಲಗಳಲ್ಲಿ ವಿದ್ಯುದಂಶವು ಎಲ್ಲಿಗೂ ಹೋಗದೆ ಕಳೆದುಹೋಗುತ್ತಿತ್ತು, ಇಲ್ಲವೆ ಎಲ್ಲಿಂದಲೂ ಬಾರದೆ ಹುಟ್ಟಿಕೊಳ್ಳುತ್ತಿತ್ತು. ಜಮಾ–ಖರ್ಚು ತಾಳೆಯಾಗದ ಖಾತೆಯನ್ನು ಯಾವ ಮಠದ ಪಾರುಪತ್ಯಗಾರನೂ ಒಪ್ಪುವುದಿಲ್ಲ, ನಿಸರ್ಗವೂ ಒಪ್ಪುವುದಿಲ್ಲ. ವಿದ್ಯುದಂಶದ ಸಂಗ್ರಹವನ್ನೇ ನಂಬಿ ನಡೆಯುವ ಸ್ಮರಣ ಘಟಕಗಳಂಥ ಮಂಡಲಗಳಲ್ಲಿ ಇದರಿಂದ ಉತ್ತರವೇ ಕೆಡುತ್ತಿತ್ತು. ೧೯೭೮ರಲ್ಲಿ ವಾರ್ಡ್ ಮತ್ತು ಡಟನ್ ವಿದ್ಯುದಂಶವನ್ನೇ ಆಧಾರವಾಗಿಟ್ಟ ಹೊಸ ಮಾದರಿಯನ್ನು ರಚಿಸಿ ಆ ಖಾತೆಯನ್ನು ಸರಿಪಡಿಸಿದರು. ಹೀಗೆ ಮಾದರಿಗಳ ಇತಿಹಾಸವೆಂದರೆ ಸಂದೇಹಪಟ್ಟವರ ಇತಿಹಾಸ. ಬಂದ ಉತ್ತರವನ್ನು ತೆಪ್ಪಗೆ ಬರೆದುಕೊಂಡವರಿಂದ ಅದು ಮುಂದುವರಿದಿಲ್ಲ.

ನಮ್ಮ ನಾಡಿನ ಉದಾಹರಣೆಯನ್ನೇ ನೋಡಿ. ಬೆಂಗಳೂರಿನ ಜಾಲಹಳ್ಳಿಯಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೨ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು. ಟ್ರಾನ್ಸಿಸ್ಟರು ಅಂದು ಕೈಯಲ್ಲಿ ಹಿಡಿದು ನೋಡುವ ವಸ್ತುವಾಗಿತ್ತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದ ಮೇಲೆ ನಗರವು ಕ್ರಮೇಣ ಚಿಪ್ಪುಗಳ ವಿನ್ಯಾಸಕ್ಕೆ ಹೆಸರಾಯಿತು. ಇಂದು ಅಲ್ಲಿ ವಿನ್ಯಾಸಗೊಳ್ಳುವ ಚಿಪ್ಪುಗಳು ಬಹುತೇಕ ತೈವಾನಿನಂಥ ದೂರದೇಶಗಳಲ್ಲಿ ತಯಾರಾಗುತ್ತವೆ. ನಮ್ಮ ಇಂಜಿನಿಯರನು ಕಣ್ಣಿನಿಂದ ನೋಡದ ಕಾರ್ಖಾನೆಯ, ಕೈಯಿಂದ ಮುಟ್ಟದ ಟ್ರಾನ್ಸಿಸ್ಟರಿನ ಮೇಲೆ ಕೋಟ್ಯಂತರ ರೂಪಾಯಿಯ ನಿರ್ಧಾರವನ್ನು ಮಾಡಬೇಕು. ಅವನಿಗಿರುವ ಆಧಾರ ಕಾರ್ಖಾನೆಯವರು ಅಳೆದು ಕಳಿಸಿದ ಮಾದರಿ ಮಾತ್ರ. ಆದ್ದರಿಂದಲೇ ಅವನು ಒಂದು ಉತ್ತರಕ್ಕೆ ತೃಪ್ತನಾಗುವುದಿಲ್ಲ. ಟ್ರಾನ್ಸಿಸ್ಟರು ಚುರುಕಾಗಿದ್ದರೆ ಏನಾಗುತ್ತದೆ, ಮಂದವಾಗಿದ್ದರೆ ಏನಾಗುತ್ತದೆ, ವೋಲ್ಟೇಜು ತಗ್ಗಿದರೆ, ಉಷ್ಣತೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನಿಂದ ೧೨೫ ಡಿಗ್ರಿಯವರೆಗೆ ಬದಲಾದರೆ ಏನಾಗುತ್ತದೆ ಎಂದು ಒಂದೊಂದನ್ನೂ ಪರೀಕ್ಷಿಸುತ್ತಾನೆ. ಮಾದರಿಯನ್ನು ಬಳಸುತ್ತಲೇ ಅದನ್ನು ಶಂಕಿಸುವುದು ಅವನ ವೃತ್ತಿಧರ್ಮ. ನಮ್ಮಲ್ಲಿ ಕಲಿತ ಮಕ್ಕಳು ತುಮಕೂರು, ತಿಪಟೂರುಗಳ ತಾಂತ್ರಿಕ ವಿದ್ಯಾಲಯಗಳ ಮೂಲಕ ನಾಳೆ ಆ ಸ್ಥಾನಕ್ಕೆ ಹೋಗಬೇಕೆಂದು ನಾವು ಬಯಸುವುದಾದರೆ, ಈ ಶಂಕೆಯ ಬೀಜವನ್ನು ಇಲ್ಲಿಯೇ ಬಿತ್ತಬೇಕು.

ಹಾಗಾದರೆ ತೆರೆಯ ಪ್ರಯೋಗವೇ ವ್ಯರ್ಥವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಮಾಪಕದ ಮುಳ್ಳು ತಲುಪದ ಒಳಗಿನ ಪ್ರವಾಹವನ್ನು ತೆರೆ ತೋರಿಸುತ್ತದೆ. ವಸ್ತು ಕೆಡುವುದಿಲ್ಲ, ಮಕ್ಕಳಿಗೆ ಅಪಾಯವಿಲ್ಲ, ನೂರು ಬಾರಿ ಬದಲಿಸಿ ನೋಡಬಹುದು. ಮೇಜಿನ ಮೇಲಿನ ಅಳತೆಯೂ ಪೂರ್ಣ ಸತ್ಯವಲ್ಲ. ಅದು ಆ ಒಂದು ಟ್ರಾನ್ಸಿಸ್ಟರಿನ, ಆ ಒಂದು ದಿನದ ಸತ್ಯ. ಒಂದೇ ಉಂಡೆಯನ್ನು ನೋಡಿ ಇಡೀ ಕೊಬ್ಬರಿಯ ರಾಶಿಗೆ ಬೆಲೆ ಕಟ್ಟುವ ವ್ಯಾಪಾರಿ ತಿಪಟೂರಿನ ಮಾರುಕಟ್ಟೆಯಲ್ಲಿ ಬಹುಕಾಲ ಉಳಿಯಲಾರ. ಹಾಗೆಯೇ ಒಂದು ಉಂಡೆಯನ್ನೂ ಒಡೆದು ನೋಡದೆ ಪುಸ್ತಕದ ವರ್ಣನೆಯಿಂದಲೇ ಬೆಲೆ ಹೇಳುವವನೂ ಉಳಿಯಲಾರ. ಆದ್ದರಿಂದ ತೆರೆಗೂ ಮೇಜಿಗೂ ಪರಸ್ಪರರ ಸಾಕ್ಷ್ಯ ಬೇಕು.

ನನ್ನ ಮುಖ್ಯವಾದ ಆತಂಕ ಇದಕ್ಕಿಂತ ಆಳವಾದುದು. ವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ‘ಬರಬೇಕಾದ ಉತ್ತರ’ವನ್ನು ಮೊದಲೇ ತಿಳಿದುಕೊಂಡು, ಅದಕ್ಕೆ ಹೊಂದುವಂತೆ ಓದಿಕೆಗಳನ್ನು ತಿದ್ದಿ ಬರೆಯುವ ದುರಭ್ಯಾಸ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಇದೆ. ಇದು ಅಧ್ಯಾಪಕರಾದ ಎಲ್ಲರಿಗೂ ತಿಳಿದ ವಿಷಯ. ತೆರೆಯು ಆ ಬರಬೇಕಾದ ಉತ್ತರವನ್ನು ಕ್ಷಣಮಾತ್ರದಲ್ಲಿ, ಅಂದವಾದ ನಕ್ಷೆಯ ಸಮೇತ, ಮುಂದಿಡುತ್ತದೆ. ಮೇಜಿನ ಮೇಲೆ ಬೇರೆ ಸಂಖ್ಯೆ ಬಂದಾಗ ಬಾಲಕನು ತನ್ನ ಕಣ್ಣನ್ನೇ ಅನುಮಾನಿಸಿ ತೆರೆಯನ್ನು ನಂಬಿದರೆ, ಅವನು ಕಲಿತದ್ದು ವಿಜ್ಞಾನವಲ್ಲ. ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯ ಅವನಿಂದ ದೂರವಾಯಿತು. ನುಡಿಗೂ ನಡೆಗೂ ಅಂತರವಿರಬಾರದೆಂದು ಬಾಳಿ ತೋರಿಸಿದ ಶರಣರ ಹೆಸರನ್ನು ಪ್ರತಿದಿನ ಪ್ರಾರ್ಥನೆಯಲ್ಲಿ ಸ್ಮರಿಸುವ ಶಾಲೆಯಲ್ಲಿ ಇದು ಸಣ್ಣ ವಿಷಯವಲ್ಲ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ವಿನಂತಿ ಹೀಗಿದೆ. ಗಣಕಯಂತ್ರಗಳನ್ನು ಕೊಡುವವರು ಅವುಗಳ ಜೊತೆಗೆ ಅಳೆಯುವ ಮೇಜನ್ನೂ ಕೊಡಲಿ. ಒಂದು ವಿದ್ಯುತ್ ಪೂರೈಕೆಯ ಪೆಟ್ಟಿಗೆ, ಎರಡು ಮಲ್ಟಿಮೀಟರು, ಒಂದು ಬ್ರೆಡ್‌ಬೋರ್ಡು, ಕೆಲವು ರೋಧಕಗಳು, ಕೆಲವೇ ರೂಪಾಯಿಗೆ ಒಂದರಂತೆ ಸಿಗುವ ಹತ್ತು ಟ್ರಾನ್ಸಿಸ್ಟರುಗಳು ಇದ್ದರೆ ಒಂದು ಮೇಜು ಸಿದ್ಧವಾಯಿತು. ಮಕ್ಕಳು ಆ ಹತ್ತರ ವರ್ಧನೆಯನ್ನೂ ಅಳೆದು ಗೋಡೆಯ ಮೇಲೆ ಬರೆಯಲಿ. ಹತ್ತು ಸಂಖ್ಯೆಗಳೂ ಬೇರೆಬೇರೆಯಾಗಿರುವುದನ್ನು ಕಾಣಲಿ. ಕೆಲಸ ಮಾಡುತ್ತಿರುವ ಟ್ರಾನ್ಸಿಸ್ಟರನ್ನು ಎರಡು ಬೆರಳಿನ ನಡುವೆ ಹಿಡಿದು, ಮೈಶಾಖಕ್ಕೇ ಪ್ರವಾಹ ಏರುವುದನ್ನು ನೋಡಲಿ. ಅನಂತರ ತಾವು ಅಳೆದ ಸಂಖ್ಯೆಯನ್ನು ಮಾದರಿಯೊಳಗೆ ತುಂಬಿ, ತೆರೆಯ ಉತ್ತರ ಹೇಗೆ ಬದಲಾಯಿತೆಂದು ಪರಿಶೀಲಿಸಲಿ. ಪ್ರಯೋಗ ಪುಸ್ತಕದಲ್ಲಿ ಮೂರು ಅಂಕಣಗಳಿರಲಿ: ಕೈಲೆಕ್ಕದ ಉತ್ತರ, ತೆರೆಯ ಉತ್ತರ, ಮೇಜಿನ ಉತ್ತರ. ಮೂರೂ ಒಂದೇ ಆಗಿದ್ದರೆ ಹೆಚ್ಚು ಅಂಕ ಕೊಡುವುದು ಬೇಡ. ಅವುಗಳ ನಡುವಿನ ಅಂತರಕ್ಕೆ ಕಾರಣವನ್ನು ವಿವರಿಸಿದವನಿಗೆ ಹೆಚ್ಚು ಅಂಕ ಸಲ್ಲಲಿ.

ಇದಕ್ಕೆ ದೊಡ್ಡ ಮೊತ್ತ ಬೇಕಿಲ್ಲ, ದೊಡ್ಡ ಕಟ್ಟಡ ಬೇಕಿಲ್ಲ. ಅಧ್ಯಾಪಕರ ತಾಳ್ಮೆಯೂ ದಾನಿಗಳ ವಿವೇಕವೂ ಕೂಡಿದರೆ ಸಾಕು. ಸಾಧನಗಳನ್ನು ಗೌರವಿಸುತ್ತ, ಅವುಗಳ ಮಿತಿಯನ್ನೂ ಅರಿತು ದುಡಿಯುವ ಯುವಕ ಯುವತಿಯರು ಈ ತೆಂಗಿನ ನಾಡಿನಿಂದ ವರ್ಷವರ್ಷವೂ ಹೊರಬರಲಿ ಎಂದು ಹಾರೈಸುತ್ತೇನೆ.