ಕಂಪ್ಯೂಟರುಗಳಿಗೂ ಒಂದು ಖಾತೆಪುಸ್ತಕ

ಕಚೇರಿಯಲ್ಲಿ ಯಂತ್ರವೊಂದು ಕೆಟ್ಟು ನಿಂತೊಡನೆ ಮೊದಲು ಏಳುವ ಪ್ರಶ್ನೆ ‘ಏನು ಕೆಟ್ಟಿತು?’ ಎಂಬುದಲ್ಲ, ‘ಯಾರು ಮುಟ್ಟಿದರು?’ ಎಂಬುದು. ಈ ಪ್ರಶ್ನೆಗೆ ಬಹುಮಟ್ಟಿಗೆ ಸಿಕ್ಕಿಬೀಳುವವನು ರಾತ್ರಿಪಾಳಿಯ ಗುಮಾಸ್ತ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮವರ ಮಕ್ಕಳು ಅನೇಕರು ಇಂದು ಮುಂಬಯಿ, ಪುಣೆ, ಹೈದರಾಬಾದುಗಳ ಕಂಪ್ಯೂಟರ್ ಕಚೇರಿಗಳಲ್ಲಿ ಇಂಥ ಪಾಳಿಗಳಲ್ಲಿ ಕುಳಿತಿರುವರು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅಸಂಗತವಾಗದೆಂದು ನಂಬಿದ್ದೇವೆ.

ದೊಡ್ಡ ಸಂಸ್ಥೆಗಳು ತಮ್ಮ ಕಂಪ್ಯೂಟರುಗಳ ವಿವರವನ್ನು ಬರೆದಿಡುವ ದಫ್ತರಕ್ಕೆ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಡೇಟಾಬೇಸ್ ಎಂದು ಹೆಸರು. 1980ರ ದಶಕದ ಕೊನೆಗೆ ಬ್ರಿಟಿಷ್ ಸರಕಾರದ ಇಲಾಖೆಯೊಂದು ಹೊರತರತೊಡಗಿದ ಐಟಿಲ್ ಎಂಬ ಗ್ರಂಥಮಾಲೆಯಿಂದ ಈ ಕ್ರಮ ಪ್ರಚಾರಕ್ಕೆ ಬಂದಿತು. ಗುಮಾಸ್ತರಿಗೆ ಪರಿಚಿತವಾದ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಮೇಜೆಷ್ಟು, ಕುರ್ಚಿಯೆಷ್ಟು ಎಂದಿರುವುದಷ್ಟೆ. ಇಲ್ಲಿಯಾದರೋ ಯಾವುದು ಯಾವುದನ್ನು ಆಶ್ರಯಿಸಿದೆ, ಒಂದು ನಿಂತರೆ ಅದರೊಡನೆ ಇನ್ನಾವುದು ನಿಲ್ಲುವುದು ಎಂಬುದೇ ಮುಖ್ಯ.

ನಮ್ಮ ಹೋಟೆಲಿನಲ್ಲಿ ಒಮ್ಮೆ ಇಂಟರ್ನೆಟ್ ಕಂಪನಿಯವನು ಬಂದು ಹಳೆಯ ರೌಟರನ್ನು ಕಿತ್ತು ಹೊಸದನ್ನಿಟ್ಟು, ಗಲ್ಲಾದ ಬಿಲ್ಲು ಸರಿಯಾಗಿ ಬರುವುದನ್ನು ನೋಡಿ ಹೊರಟುಹೋದನು. ಅಡುಗೆಮನೆಯ ಪ್ರಿಂಟರು ಅದೇ ರೌಟರಿನ ಮೂಲಕ ಆರ್ಡರು ಪಡೆಯುತ್ತಿತ್ತೆಂದು ಅವನು ಕೇಳಲೂ ಇಲ್ಲ, ಎಲ್ಲಿಯೂ ಬರೆದೂ ಇರಲಿಲ್ಲ. ಮಧ್ಯಾಹ್ನದ ಗಲಾಟೆ ಮುಗಿಯುವವರೆಗೆ ಮಾಣಿಗಳು ಹಿಂದಿನಂತೆ ಕೂಗಿಯೇ ಹೇಳಬೇಕಾಯಿತು. (ಅದರಿಂದ ದೋಸೆಯ ರುಚಿ ಕೆಡಲಿಲ್ಲವೆಂಬುದು ಬೇರೆ ಮಾತು.)

ದೊಡ್ಡವರ ಮನೆಯಲ್ಲಿ ಇದೇ ಕೊರತೆ ಎಷ್ಟು ದುಬಾರಿಯಾಗುವುದೆಂಬುದಕ್ಕೆ ಅಮೆರಿಕದ ಈಕ್ವಿಫ್ಯಾಕ್ಸ್ ಸಾಕ್ಷಿ. ಜನರ ಸಾಲಗಳ ಲೆಕ್ಕವನ್ನು ಸಂಗ್ರಹಿಸಿಡುವುದು ಈ ಕಂಪನಿಯ ವ್ಯಾಪಾರ. 2017ರ ಮಾರ್ಚಿನಲ್ಲಿ ‘ಅಪಾಚೆ ಸ್ಟ್ರಟ್ಸ್’ ಎಂಬ ತಂತ್ರಾಂಶದಲ್ಲಿ ದೋಷವಿದೆಯೆಂದು ಪ್ರಕಟವಾಯಿತು. ಕೂಡಲೆ ಸರಿಪಡಿಸಿರೆಂದು ಕಂಪನಿಯೊಳಗೆ ಸೂಚನೆಯೂ ಹೊರಟಿತು. ಆದರೆ ಸೂಚನೆ ಹೋದ ವಿಳಾಸಪಟ್ಟಿಯೇ ಹಳೆಯದಾಗಿತ್ತು. ಆ ತಂತ್ರಾಂಶ ತಮ್ಮಲ್ಲಿ ಎಲ್ಲೆಲ್ಲಿದೆ ಎಂಬುದರ ಪೂರ್ಣ ಪಟ್ಟಿಯೂ ಇರಲಿಲ್ಲ. ಮೇ ತಿಂಗಳಲ್ಲಿ ನುಗ್ಗಿದ ಕಳ್ಳರು ಜುಲೈ ಕೊನೆಯವರೆಗೂ ಒಳಗೇ ಇದ್ದರು. ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. 2019ರಲ್ಲಿ ಕಂಪನಿ ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ನಮ್ಮ ಓದುಗರು ಗಮನಿಸಬೇಕಾದುದು ಮುಂದಿನ ಸಂಗತಿ. ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೆದುರು ಕಂಪನಿಯ ಮಾಜಿ ಮುಖ್ಯಾಧಿಕಾರಿ, ಯಂತ್ರದ ಲೋಪದ ಜೊತೆಗೆ ಒಬ್ಬ ವ್ಯಕ್ತಿಯ ಲೋಪವನ್ನೂ ಕಾರಣವಾಗಿ ಹೇಳಿದರು. ಪುಸ್ತಕವಿಲ್ಲದ ಕಡೆ ತಪ್ಪು ಯಾವಾಗಲೂ ಮನುಷ್ಯನ ತಲೆಯ ಮೇಲೆಯೇ ಬಂದು ಕೂರುವುದು. ಪುಸ್ತಕವನ್ನಿಡದಿದ್ದ ಯಜಮಾನಿಕೆಯ ತಪ್ಪನ್ನು 2018ರ ತನಿಖೆಯ ವರದಿ ಹೊರತೆಗೆಯಬೇಕಾಯಿತು.

ಹಾಗೆಂದು ತಂತ್ರಾಂಶವನ್ನು ಕೊಂಡ ಮಾತ್ರಕ್ಕೆ ಪುಸ್ತಕ ನಿಜವಾಗದು. ಜಾಲದಲ್ಲಿರುವ ಯಂತ್ರಗಳನ್ನು ತಾನಾಗಿಯೇ ಹುಡುಕಿ ಬರೆದುಕೊಳ್ಳುವ ಉಪಕರಣಗಳಿವೆ. ಆದರೆ ಈ ಯಂತ್ರಕ್ಕೆ ಹೊಣೆಗಾರರು ಯಾರು, ಇದು ನಿಂತರೆ ಸಂಬಳದ ಬಟವಾಡೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಅವು ಪೂರ್ತಿ ಅರಿಯವು. ಇನ್ನು ಕೆಲವರು ಕೀಲಿಮಣೆ, ಮೌಸುಗಳನ್ನೂ ಬರೆಯಹೊರಡುತ್ತಾರೆ. ಆರು ತಿಂಗಳಲ್ಲಿ ಅರ್ಧ ಸುಳ್ಳಾಗಿ, ಉಳಿದರ್ಧವನ್ನೂ ಯಾರೂ ನಂಬರು. ಕೆಟ್ಟ ಹೊತ್ತಿನಲ್ಲಿ ಬೇಕಾಗುವಷ್ಟನ್ನೇ ಬರೆಯಲಿ. ಉಗ್ರಾಣದ ಬೀಗ ಹಾಕುವ ಮೊದಲು ದಾಸ್ತಾನು ಬರೆಯುವಂತೆ, ದಾಖಲೆಯಾಗದ ಬದಲಾವಣೆ ಮುಗಿದ ಕೆಲಸವಲ್ಲವೆಂಬ ಕಟ್ಟುನಿಟ್ಟು ಇರಲಿ.

ನೌಕರರಲ್ಲಿ ಒಂದು ಅಂಜಿಕೆಯಿದೆ: ತಲೆಯಲ್ಲಿರುವುದನ್ನೆಲ್ಲ ಬರೆದುಕೊಟ್ಟರೆ ನಾಳೆ ತನ್ನ ಅಗತ್ಯವೇನು? ಈ ಅಂಜಿಕೆ ನಿರಾಧಾರವೆನ್ನಲಾರೆವು. ಬರೆಸಿಕೊಂಡು ಕಳುಹಿಸುವ ಧಣಿಗಳೂ ಉಂಟು. ಆದರೆ ಬರೆಯದಿದ್ದವನಿಗೆ ರಜೆಯೂ ಇಲ್ಲ, ಊರಿನ ಜಾತ್ರೆಗೆ ಹೋದಾಗಲೂ ಫೋನು ಬಿಡದು. ಆದುದರಿಂದ ಕಂಪನಿಗಳು ಈ ದಫ್ತರವನ್ನು ಬಿಡುವಿನ ಕೆಲಸವೆಂದು ಕಿರಿಯರ ಮೇಲೆ ಹೇರದೆ, ಒಬ್ಬರಿಗೆ ವಹಿಸಿ, ‘ನಮೂದಾಗದೆ ಯಾವ ಯಂತ್ರವನ್ನೂ ಮುಟ್ಟಕೂಡದು’ ಎಂದು ಮೇಲಧಿಕಾರಿಗೂ ಹೇಳುವ ಅಧಿಕಾರವನ್ನು ಅವರ ನೇಮಕಪತ್ರದಲ್ಲಿಯೇ ಬರೆದುಕೊಡಬೇಕು.